ಗ್ಲೋ, ಗ್ಲೀಮ್, ಗ್ಲಿಟರ್: ಮೊದಲೆರಡು ಅಕ್ಷರಕ್ಕೇ ಅರ್ಥ ಇದೆಯಾ?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೀರಿ. ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಮರ್ ನಾಲ್ಕಕ್ಕೂ ನಿಘಂಟು ‘ಹೊಳೆ’ ಎಂದೇ ಹೇಳುತ್ತದೆ, ಬೇರೆ ಮಾಡಿಕೊಳ್ಳುವುದು ಹೇಗೆ ಎನ್ನುವುದು ಒಂದು. ಹೀಗೆ ಒಂದೇ ಅಕ್ಷರಗಳಿಂದ ಶುರುವಾಗುವ ಪುಟ್ಟ ಪದಗಳಿಗೆ ಒಳಗೊಳಗೇ ಏನಾದರೂ ನಂಟಿದೆಯಾ ಎನ್ನುವುದು ಇನ್ನೊಂದು. ಕೆಳಗೆ ಸ್ನಿಫ್, ಸ್ನೀರ್, ಟ್ವಿಗ್, ಟ್ವೈನ್, ಗ್ಲೀನ್ ಅಂತ ಒಂದು ಪಟ್ಟಿಯನ್ನೂ ಹಾಕಿದ್ದೀರಿ. ಕನ್ನಡ ಮಾಧ್ಯಮದಿಂದ ಬಂದ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವಳು ನಾನು. ಇದೇ ಗೊಂದಲವನ್ನು ವರ್ಷಾವರ್ಷ ನೋಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಎರಡನೆಯ ಪ್ರಶ್ನೆಗೆ ಚುಟುಕಾಗಿ ಉತ್ತರ. ಕೆಲವು ಪದಗಳು ನಿಜವಾಗಿಯೂ ಒಂದೇ ಬೇರಿನವು. ಕೆಲವಕ್ಕೆ ಬೇರು ಬೇರೆ ಬೇರೆ ಇದ್ದರೂ ದನಿಯ ನಂಟು ಬೆಳೆದಿದೆ. ಇನ್ನು ಕೆಲವು ಬಸ್ಸಿನಲ್ಲಿ ಪಕ್ಕಪಕ್ಕ ಸೀಟು ಸಿಕ್ಕವರ ಹಾಗೆ, ನಿಘಂಟಿನಲ್ಲಿ ಅಕ್ಕಪಕ್ಕ ಕೂತಿವೆ ಅಷ್ಟೇ. ಈ ಮೂರನ್ನೂ ಒಂದೇ ಸೂತ್ರದಲ್ಲಿ ಕಟ್ಟಿಹಾಕುವ ‘ಮೊದಲ ಅಕ್ಷರ ನೋಡಿ ಅರ್ಥ ಹೇಳಿ’ ತರಹದ ಕೋಚಿಂಗ್ ಟ್ರಿಕ್ಕುಗಳನ್ನು ನಾನಂತೂ ನಂಬುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈಗ ಗ್ಲ್ ಗುಂಪು. ನಿಘಂಟು ಕೊಟ್ಟ ‘ಹೊಳೆ’ಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹೊಳಪಿಗೆ ನಿಮ್ಮ ಮನೆಮಾತಲ್ಲೇ ಎಷ್ಟು ಮಾತಿದೆ ನೋಡಿ. ಒಲೆಯ ಕೆಂಡ ನಿಗಿನಿಗಿ ಅನ್ನುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬು ಥಳಥಳ ಅನ್ನುತ್ತದೆ. ದೂರದ ಊರಿನ ಒಂಟಿ ದೀಪ ಮಿಣಮಿಣ. ಮದುವೆಮನೆಯ ಸೀರಿಯಲ್ ಸೆಟ್ಟು, ಜರಿ ಸೀರೆ ಎಲ್ಲ ಝಗಮಗ. ‘ಕೆಂಡ ಮಿಣಮಿಣ ಅಂತಿತ್ತು’ ಎಂದು ಯಾರಾದರೂ ಹೇಳಿದರೆ ಅಜ್ಜಿ ನಕ್ಕುಬಿಡುತ್ತಾರೆ. ನಮಗೆ ಇದನ್ನು ಯಾರೂ ಪಾಠ ಮಾಡಿಲ್ಲ. ಯಾವ ವಸ್ತುವಿನ ಜೊತೆ ಯಾವ ಮಾತು ಅನ್ನುವುದು ಕೇಳಿಕೇಳಿ ಬಂದದ್ದು.

ಇಂಗ್ಲಿಷಿನ ಗ್ಲ್ ಪದಗಳಿಗೂ ಇದೇ ಶಿಸ್ತು. ಗ್ಲೋ ಎಂದರೆ ನಿಗಿನಿಗಿ. ಉರಿ ಇಲ್ಲ, ಆದರೆ ಬೆಳಕು ಒಳಗಿನಿಂದ ಬರುತ್ತಿದೆ, ಒಂದೇ ಸಮನೆ ಇದೆ, ಬಹಳ ಸಲ ಬಿಸುಪೂ ಇದೆ. ಕೆಂಡ, ಕಾದ ಕಬ್ಬಿಣ, ಎಣ್ಣೆಸ್ನಾನ ಮಾಡಿ ಬಂದ ಮುಖ. ಗ್ಲೀಮ್ ಎಂದರೆ ಥಳಥಳ. ಇಲ್ಲಿ ಬೆಳಕು ವಸ್ತುವಿನದ್ದಲ್ಲ, ನುಣ್ಣಗೆ ಉಜ್ಜಿದ ಮೈ ಮೇಲೆ ಬಿದ್ದು ಬರುತ್ತಿರುವುದು. ಚೊಂಬು, ಪಾಲಿಶ್ ಮಾಡಿದ ಶೂ, ತೊಳೆದು ನಿಲ್ಲಿಸಿದ ಕಾರು. ಗ್ಲಿಟರ್ ಎಂದರೆ ಝಗಮಗ, ಅಂದರೆ ಒಂದು ಬೆಳಕಲ್ಲ, ನೂರಾರು ಚುಕ್ಕಿ. ಮಕ್ಕಳ ಗ್ಲಿಟರ್ ಪೆನ್ನಿನಿಂದ ಒಂದು ಗೆರೆ ಎಳೆದು ಬೆಳಕಿಗೆ ಹಿಡಿದರೆ ಅರ್ಥ ಅಲ್ಲೇ ಕಾಣುತ್ತದೆ. ಗ್ಲಿಮರ್ ಎಂದರೆ ಮಿಣಮಿಣ. ಬೆಳಕು ಕಡಿಮೆ, ಈಗ ಇತ್ತು ಈಗ ಇಲ್ಲ ಅನ್ನುವಂಥದ್ದು. ಅದಕ್ಕೇ ‘ಎ ಗ್ಲಿಮರ್ ಆಫ್ ಹೋಪ್’ ಎನ್ನುತ್ತಾರೆ, ಎಲ್ಲೋ ಒಂದೆಳೆ ಆಸೆ. ಆಸೆಯ ಜೊತೆ ಗ್ಲಿಟರ್ ಬರುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಪರೀಕ್ಷೆಯಲ್ಲಿ ಬರುವ ಮೂರು ಇವೆ. ಗ್ಲಿಂಟ್ ಎಂದರೆ ಫಳಕ್. ಮಚ್ಚಿನ ಅಂಚು ಬಿಸಿಲಿಗೆ ತಿರುಗಿದಾಗ ಒಂದು ಕ್ಷಣ ಬಂದು ಹೋಗುವುದು. ಗ್ಲಿಸನ್ ಒದ್ದೆಯಾದದ್ದರ ಹೊಳಪು. ಬೆವರು, ಇಬ್ಬನಿ, ಎಣ್ಣೆ ಸವರಿದ ಮೈ. ಬರೆಯುವಾಗ ಅದರ ನಡುವೆ ಒಂದು ಟಿ ಇದೆ, ಓದುವಾಗ ಇಲ್ಲ. ಗ್ಲೇರ್ ಎಂದರೆ ಕಣ್ಣು ಕೋರೈಸುವುದು, ಎದುರಿನಿಂದ ಬರುವ ಲಾರಿಯ ಹೈ ಬೀಮ್. ಅದೇ ಗ್ಲೇರ್ ಮನುಷ್ಯನ ಕಣ್ಣಿಗೆ ಬಂದರೆ ದುರುಗುಟ್ಟಿ ನೋಡುವುದು.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಕಥೆ ಬರೆಯುತ್ತಾ, ತಾಯಿಯ ಕಣ್ಣು ತುಂಬಿ ಬಂತು ಎನ್ನುವುದಕ್ಕೆ ‘ಹರ್ ಐಸ್ ಗ್ಲಿಟರ್ಡ್’ ಎಂದು ಬರೆದಿದ್ದ. ವ್ಯಾಕರಣ ಸರಿ. ಆದರೆ ಕಣ್ಣು ಗ್ಲಿಟರ್ ಆಯಿತು ಎಂದರೆ ಇಂಗ್ಲಿಷ್ ಓದುಗನಿಗೆ ಅಲ್ಲಿ ಆಸೆಯೋ ಸಿಟ್ಟೋ ಕಾಣುತ್ತದೆ. ಗ್ಲಿಸನ್ ಆಯಿತು ಎಂದರೆ ನೀರು ಕಾಣುತ್ತದೆ. ಆ ತಾಯಿ ಪಾಪ, ಮಗನ ಮಾರ್ಕ್ಸ್ ಕಾರ್ಡು ನೋಡಿ ಕಣ್ಣೀರು ಹಾಕಿದ್ದವರು, ಒಂದು ಪದದಿಂದ ಒಡವೆ ಅಂಗಡಿ ಮುಂದೆ ನಿಂತವರ ಹಾಗೆ ಆಗಿಬಿಟ್ಟಿದ್ದರು.

ಗ್ಲಾನ್ಸ್, ಗ್ಲಿಂಪ್ಸ್ ಇವೆರಡನ್ನೂ ಅದಲುಬದಲು ಮಾಡುವವರು ತುಂಬಾ. ಗ್ಲಾನ್ಸ್ ನೀವು ಮಾಡುವುದು, ಗ್ಲಿಂಪ್ಸ್ ನಿಮಗೆ ಸಿಗುವುದು. ಗಡಿಯಾರದ ಕಡೆ ಕಣ್ಣು ಹಾಯಿಸಿದರೆ ಗ್ಲಾನ್ಸ್. ತೇರಿನ ದಿನ ನೂಕುನುಗ್ಗಲಲ್ಲಿ ಯಾರದೋ ಹೆಗಲ ಸಂದಿಯಿಂದ ದೇವರ ಮುಖ ಅರೆಕ್ಷಣ ಕಂಡರೆ ಗ್ಲಿಂಪ್ಸ್. ಅದಕ್ಕೇ ಮೊದಲನೆಯದನ್ನು ‘ಟೇಕ್’ ಮಾಡುತ್ತಾರೆ, ಎರಡನೆಯದನ್ನು ‘ಕ್ಯಾಚ್’ ಮಾಡುತ್ತಾರೆ. ಗ್ಲಾನ್ಸ್ ಪದದ ಹಳೆಯ ಅರ್ಥ ನೋಡುವುದಲ್ಲ, ತಾಗಿ ಜಾರಿಕೊಂಡು ಹೋಗುವುದು. ಕ್ರಿಕೆಟ್ಟಿನ ಲೆಗ್ ಗ್ಲಾನ್ಸಿನಲ್ಲಿ ಆ ಅರ್ಥ ಇನ್ನೂ ಬದುಕಿದೆ. ಚೆಂಡನ್ನು ಹೊಡೆಯುವುದಿಲ್ಲ, ಬ್ಯಾಟಿಗೆ ಸವರಿ ಕಾಲಿನ ಕಡೆಗೆ ಜಾರಲು ಬಿಡುತ್ತಾರೆ. ಆ ಹೊಡೆತವನ್ನು ಹೆಸರುವಾಸಿ ಮಾಡಿದವರು ರಣಜಿ ಟ್ರೋಫಿಗೆ ಹೆಸರು ಕೊಟ್ಟ ರಣಜಿತ್‌ಸಿಂಹಜಿ.

ಹಾಗಾದರೆ ಜಿ ಮತ್ತು ಎಲ್ ಸೇರಿದರೆ ‘ಬೆಳಕು’ ಎಂದು ಅರ್ಥವೇ? ಈ ತರಹದ ದನಿಗುಚ್ಛಗಳಿಗೆ ಇಂಗ್ಲಿಷಿನಲ್ಲಿ ಫೋನಸ್ತೀಮ್ ಎಂದು ಹೆಸರು. ಹೆಸರಿಟ್ಟವರು ಜೆ. ಆರ್. ಫರ್ತ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ, 1930ರಲ್ಲಿ. ಅದಕ್ಕೂ ಮುಂಚೆ, 1920ರ ದಶಕದ ಬಹುಪಾಲು ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಪದಕ್ಕೂ ಅರ್ಥಕ್ಕೂ ಸಹಜವಾದ ನಂಟಿಲ್ಲ, ಅದು ಬರೀ ಒಪ್ಪಂದ ಎನ್ನುವುದು ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಸೊಸ್ಯೂರ್ ಕಾಲದಿಂದ ಭಾಷಾವಿಜ್ಞಾನದ ಮೊದಲ ಪಾಠ. ಗ್ಲ್ ಪದಗಳು ಆ ಪಾಠಕ್ಕೆ ಸಣ್ಣಗೆ ತಕರಾರು ಎತ್ತುತ್ತವೆ. 2004ರಲ್ಲಿ ಬೆಂಜಮಿನ್ ಬರ್ಗೆನ್ ಎನ್ನುವ ಭಾಷಾವಿಜ್ಞಾನಿ ಇದನ್ನು ಪ್ರಯೋಗ ಮಾಡಿ ನೋಡಿದರು. ಪರದೆ ಮೇಲೆ ಒಂದು ಪದ ಮಿಂಚಿ ಮರೆಯಾಗುತ್ತದೆ, ಹಿಂದೆಯೇ ಇನ್ನೊಂದು ಬರುತ್ತದೆ. ಎರಡನೆಯದು ನಿಜವಾದ ಇಂಗ್ಲಿಷ್ ಪದವೋ ಅಲ್ಲವೋ ಎಂದು ಬೇಗ ಹೇಳಬೇಕು. ಮೊದಲು ಗ್ಲಿಟರ್ ನೋಡಿದವರು ಆಮೇಲೆ ಗ್ಲೋ ಬಂದಾಗ ಬೇಗ ಗುರುತು ಹಿಡಿದರು. ಬರೀ ಅರ್ಥ ಹತ್ತಿರ ಇರುವ ಜೋಡಿಗಾಗಲಿ, ಬರೀ ಅಕ್ಷರ ಹತ್ತಿರ ಇರುವ ಜೋಡಿಗಾಗಲಿ ಆ ವೇಗ ಸಿಗಲಿಲ್ಲ. ಅಂದರೆ ಇಂಗ್ಲಿಷ್ ಮಾತಾಡುವವರ ತಲೆಯಲ್ಲಿ ಗ್ಲ್ ಎನ್ನುವುದಕ್ಕೆ ಒಂದು ಸಣ್ಣ ಖಾನೆ ನಿಜಕ್ಕೂ ಇದೆ.

ನಮಗೇನು ಕಡಿಮೆ? ಮಿಂಚು, ಮಿನುಗು, ಮಿಣುಕು, ಮಿರುಗು, ಮಿಸುಗು, ಮಿಟುಕಿಸು. ಕನ್ನಡದ ‘ಮಿ’ ಮಾಡುವ ಕೆಲಸವೂ ಅದೇ. ಹಾಗಂತ ಮಿಡಿ, ಮಿಕ್ಸಿ, ಮಿಳ್ಳೆ ಹೊಳೆಯುವುದಿಲ್ಲವಲ್ಲ. ಅಲ್ಲೂ ಹಾಗೇ. ಗ್ಲೌಸ್, ಗ್ಲೂ, ಗ್ಲೋಬ್, ಗ್ಲಾಂಡ್ ಯಾವುದಕ್ಕೂ ಬೆಳಕಿನ ಸಂಬಂಧ ಇಲ್ಲ. ಗ್ಲೂಮ್ ಎಂದರಂತೂ ಕತ್ತಲೆ. ಗ್ಲಾಮರ್ ಎಷ್ಟು ಹೊಳೆದರೂ ಅದು ಹುಟ್ಟಿದ್ದು ಗ್ರಾಮರ್ ಪದದಿಂದ. ಓದು ಬರಹ ಬಲ್ಲವರಿಗೆ ಮಾಟಮಂತ್ರವೂ ಬರುತ್ತದೆ ಎಂದು ಜನ ನಂಬಿದ್ದ ಕಾಲದಲ್ಲಿ ಸ್ಕಾಟ್ಲೆಂಡಿನವರ ಬಾಯಲ್ಲಿ ಗ್ರಾಮರ್ ಹೋಗಿ ಗ್ಲಾಮರ್ ಆಯಿತು, ಮೋಡಿ ಎಂಬ ಅರ್ಥದಲ್ಲಿ. ವ್ಯಾಕರಣದ ಪಿರಿಯಡ್ಡಿನಲ್ಲಿ ಆಕಳಿಸುವ ನನ್ನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ಗ್ಲ್ಯಾಡ್ ಕಥೆ ತಿರುಗಮುರುಗ. ಈಗ ಬರೀ ಸಂತೋಷ, ಆದರೆ ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಹೊಳೆಯುವುದು ಎಂದೇ ಇತ್ತು. ಇನ್ನು ಗ್ಲಾಸ್ ಅಂತ ಉಚ್ಚರಿಸುವ, ಕೊನೆಗೆ ಎರಡು ಎಸ್, ನಡುವೆ ಓ ಇರುವ ಪದ ಒಂದಲ್ಲ, ಎರಡು. ಲಿಪ್ ಗ್ಲಾಸಿನದು ಹೊಳಪು. ಹಳೆ ಗ್ರಂಥದ ಅಂಚಿನಲ್ಲಿ ಬರೆಯುವ ಟಿಪ್ಪಣಿಗೆ ಹೇಳುವುದು ನಾಲಿಗೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು, ಗ್ಲಾಸರಿ ಅದರ ಮರಿ.

ಸ್ನ್ ಗುಂಪು ಸುಲಭ. ಇದರ ಮನೆ ಮೂಗು. ಸ್ನಿಫ್ ಎಂದರೆ ಮೂಸುವುದು, ಸ್ನೋರ್ ಗೊರಕೆ, ಸ್ನೌಟ್ ಪ್ರಾಣಿಯ ಮೂತಿ, ಸ್ನಾಟ್ ಸಿಂಬಳ, ಸ್ನಫ್ ನಶ್ಯ, ಸ್ನಿವೆಲ್ ಮೂಗೊರೆಸಿಕೊಂಡು ಅಳುವುದು. ನಿಮ್ಮ ಪಟ್ಟಿಯ ಸ್ನೀರ್‌ಗೆ ನಿಘಂಟು ‘ಅಪಹಾಸ್ಯ’ ಎಂದು ಹೇಳಿರುತ್ತದೆ. ಅದಕ್ಕಿಂತ ‘ಮೂಗು ಮುರಿ’ ಎಂದು ಬರೆದುಕೊಳ್ಳಿ, ಮರೆಯುವುದಿಲ್ಲ. ಸ್ನೂಪ್ ಎಂದರೆ ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದು. ಅದು ಡಚ್ ಭಾಷೆಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಕದ್ದು ಸಿಹಿ ತಿನ್ನುವುದು, ಮೂಗಿನ ಸುದ್ದಿಯೇ ಇಲ್ಲ. ಇಂಗ್ಲಿಷಿಗೆ ಬಂದ ಮೇಲೆ ಸ್ನ್ ಸಹವಾಸದಿಂದ ಮೂಗು ಬೆಳೆಯಿತು. ಇನ್ನೂ ಮಜಾ ಸ್ನೀಜ್, ಅಂದರೆ ಸೀನು. ಹಳೆಯ ಇಂಗ್ಲಿಷಿನಲ್ಲಿ ಅದು ಎಸ್‌ನಿಂದ ಅಲ್ಲ, ಎಫ್‌ನಿಂದ ಶುರುವಾಗುತ್ತಿತ್ತು, ‘ಫ್ನ್’ ಎಂದು. ಒಂದು ಸಲ ಸೀನುವ ಹಾಗೆ ಹೇಳಿ ನೋಡಿ, ನನಗಂತೂ ಅದೇ ಹೆಚ್ಚು ಸರಿ ಅನ್ನಿಸುತ್ತದೆ. ಮುಂದೆ ಫ್ನ್ ದನಿ ಭಾಷೆಯಿಂದಲೇ ಬಿಟ್ಟುಹೋಯಿತು. ಆಗಿನ ಬರವಣಿಗೆಯಲ್ಲಿ ಉದ್ದನೆಯ ಎಸ್ ಕೂಡ ಎಫ್ ತರಹವೇ ಕಾಣುತ್ತಿತ್ತು. ಮೂಗಿನ ಪದಗಳೆಲ್ಲ ಸ್ನ್ ಗುಂಪಿನಲ್ಲಿದ್ದವು, ಇದೂ ಹೋಗಿ ಅಲ್ಲಿ ಸೇರಿಕೊಂಡಿತು. ದನಿಯ ನಂಟು ಅಂದರೆ ಇದು. ಹುಟ್ಟಿನಿಂದ ಬಂದದ್ದಲ್ಲ, ಸೇರಿಕೊಂಡದ್ದು. ಸ್ನೋ, ಸ್ನೇಕ್, ಸ್ನೇಲ್ ಈ ಗುಂಪಿನವಲ್ಲ.

ಟ್ವಿಗ್, ಟ್ವೈನ್ ಸಂಗತಿ ಬೇರೆ. ಇಲ್ಲಿ ನಿಜವಾದ ರಕ್ತಸಂಬಂಧ. ಟಿ ಮತ್ತು ಡಬ್ಲ್ಯು ಸೇರಿ ಶುರುವಾಗುವ ಬಹಳಷ್ಟು ಪುಟ್ಟ ಪದಗಳ ಒಳಗೆ ‘ಎರಡು’ ಕೂತಿದೆ. ‘ಟೂ’ ಬರೆಯುವಾಗ ನಡುವೆ ಡಬ್ಲ್ಯು ಯಾಕೆ ಎಂದು ಒಂದನೇ ಕ್ಲಾಸಿನಲ್ಲಿ ಕೇಳಿ ಬೈಸಿಕೊಂಡವರಿಗೆ ಉತ್ತರ ಇಲ್ಲಿದೆ. ಒಂದು ಕಾಲದಲ್ಲಿ ಅದನ್ನು ಉಚ್ಚರಿಸುತ್ತಿದ್ದರು. ಟೂ ಪದದಲ್ಲಿ ಅದು ಸತ್ತಿದೆ, ಅಣ್ಣತಮ್ಮಂದಿರಲ್ಲಿ ಬದುಕಿದೆ. ಟ್ವಿನ್ ಅವಳಿ. ಟ್ವೈಸ್ ಎರಡು ಸಲ. ಟ್ವೆಂಟಿ ಎರಡು ಹತ್ತು. ಟ್ವೆಲ್ವ್ ಎಂದರೆ ಹತ್ತು ಎಣಿಸಿದ ಮೇಲೆ ‘ಎರಡು ಉಳಿಯಿತು’, ಇಲೆವೆನ್ ‘ಒಂದು ಉಳಿಯಿತು’. ಟ್ವೈನ್ ಎರಡೆಳೆ ಹೊಸೆದ ಹುರಿ. ಟ್ವಿಸ್ಟ್ ಅದನ್ನು ಹೊಸೆಯುವ ಕೆಲಸ. ಟ್ವಿಗ್ ಎಂದರೆ ಕವಲೊಡೆದ ಕಡ್ಡಿ. ಟ್ವಿಲ್ ಬಟ್ಟೆಯ ಹೆಸರಲ್ಲಿ ಎರಡು ನೂಲು ಇದೆ, ನಿಮ್ಮ ಜೀನ್ಸ್ ಪ್ಯಾಂಟನ್ನು ಹತ್ತಿರದಿಂದ ನೋಡಿದರೆ ಕಾಣುವ ಓರೆ ಗೆರೆಗಳು ಟ್ವಿಲ್ ನೇಯ್ಗೆಯವು. ಟ್ವಿಲೈಟ್ ಹಗಲು ರಾತ್ರಿಗಳ ನಡುವಿನ ಬೆಳಕು. ಬಿಟ್ವೀನ್ ಒಳಗೂ ಅದೇ ಎರಡು ಅಡಗಿದೆ, ಇಬ್ಬರ ನಡುವೆ.

ಇಬ್ಬರು ಎಂದೆನಲ್ಲ, ಕನ್ನಡದ್ದನ್ನೂ ನೋಡಿಬಿಡಿ. ಇಬ್ಬರು, ಇಪ್ಪತ್ತು, ಇನ್ನೂರು, ಇಮ್ಮಡಿ, ಇಕ್ಕೆಲ, ಇಬ್ಬದಿ, ಇಬ್ಬಗೆ. ಎರಡು ಎನ್ನುವುದು ಇನ್ನೊಂದು ಪದಕ್ಕೆ ಅಂಟುವಾಗ ‘ಇರ್’ ಆಗಿ, ಮುಂದಿನ ಅಕ್ಷರಕ್ಕೆ ತಕ್ಕಂತೆ ಕರಗುತ್ತದೆ. ವಿಧಾನ ಒಂದೇ ತರಹ, ಆದರೆ ಟ್ವ್‌ಗೂ ಇರ್‌ಗೂ ನೆಂಟಸ್ತನ ಇಲ್ಲ. ಕನ್ನಡ ದ್ರಾವಿಡ ಭಾಷೆ. ಟ್ವ್‌ನ ನಿಜವಾದ ನೆಂಟ ನಮ್ಮಲ್ಲಿ ಸಂಸ್ಕೃತದ ಮೂಲಕ ಬಂದ ‘ದ್ವಿ’. ದ್ವಿಗುಣ, ದ್ವಿಚಕ್ರದ ದ್ವಿ. ಸಂಸ್ಕೃತದ ದ ಇದ್ದ ಕಡೆ ಇಂಗ್ಲಿಷಿನಲ್ಲಿ ಟ, ತ ಇದ್ದ ಕಡೆ ಥ ಎನ್ನುವ ಲೆಕ್ಕವನ್ನು 1822ರಲ್ಲಿ ಯಾಕೋಬ್ ಗ್ರಿಮ್ ಕ್ರಮವಾಗಿ ಬಿಡಿಸಿ ಬರೆದರು, ಮಕ್ಕಳ ಕಥೆ ಸಂಗ್ರಹಿಸಿದ ಗ್ರಿಮ್ ಸೋದರರಲ್ಲಿ ದೊಡ್ಡವರು. ಈ ಕೀಲಿ ಹಿಡಿದು ನೋಡಿದರೆ ಟಿ, ಎಚ್ ಪದಗಳೂ ತೆರೆದುಕೊಳ್ಳುತ್ತವೆ. ತತ್ ಎಂದರೆ ದಟ್, ತದಾ ಎಂದರೆ ದೆನ್, ತತ್ರ ಎಂದರೆ ದೇರ್. ಡಬ್ಲ್ಯು, ಎಚ್ ಇರುವ ಪ್ರಶ್ನೆಪದಗಳಿಗೆ ಸಂಸ್ಕೃತದಲ್ಲಿ ಕಕಾರ. ಕಃ, ಕದಾ, ಕುತ್ರ ಎಂದರೆ ಹೂ, ವೆನ್, ವೇರ್. ಕೆ, ಎನ್ ಸೇರಿದ ಪದಗಳಲ್ಲಿ ಕೆ ಸುಮ್ಮನೆ ಕೂತಿದೆ ಎಂದು ಮಕ್ಕಳಿಗೆ ಸಿಟ್ಟು. ಆದರೆ ನೋ ಎಂದರೆ ಜ್ಞಾನದ ‘ಜ್ಞಾ’, ನೀ ಎಂದರೆ ಆಜಾನುಬಾಹುವಿನ ‘ಜಾನು’, ಮೊಣಕಾಲು. ಹಿಂದೆ ಇಂಗ್ಲಿಷರೂ ಆ ಕೆ ಹೇಳುತ್ತಿದ್ದರು, ಜರ್ಮನರು ಮೊಣಕಾಲಿಗೆ ಇಂದಿಗೂ ‘ಕ್ನೀ’ ಅನ್ನುತ್ತಾರೆ. ಸ್ಪೆಲ್ಲಿಂಗಿನಲ್ಲಿ ಕೆ ಬಿಟ್ಟುಹೋಗುವ ಮಕ್ಕಳಿಗೆ ನಾನು ಜ್ಞಾನದಲ್ಲಿ ಜಕಾರ ಬಿಟ್ಟು ಬರೆಯುತ್ತೀರಾ ಎಂದು ಕೇಳುತ್ತೇನೆ.

ಡಬ್ಲ್ಯು, ಆರ್ ಗುಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಿಂಗ್ ಎಂದರೆ ಬಟ್ಟೆ ಹಿಂಡುವುದು, ರಿಸ್ಟ್ ತಿರುಗುವ ಮಣಿಕಟ್ಟು, ರಿಂಕಲ್ ಸುಕ್ಕು, ರೆಂಚ್ ತಿರುಚುವ ಸಾಮಾನು, ರಾಂಗ್ ಮೂಲದಲ್ಲಿ ಸೊಟ್ಟಗಿರುವುದು. ತಿರುಚುವಿಕೆ ಇವುಗಳಲ್ಲೆಲ್ಲ ಇದೆ ಎಂದು ಇಂಗ್ಲೆಂಡಿನ ಗಣಿತಜ್ಞ ಜಾನ್ ವಾಲಿಸ್ 1653ರಲ್ಲೇ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ಗುರುತಿಸಿದ್ದ. ಆದರೆ ರೈಟ್, ಅಂದರೆ ಬರೆ, ಮೊದಲಿಗೆ ಗೀರುವುದು ಎಂಬ ಅರ್ಥದ್ದು. ಅದರಲ್ಲಿ ತಿರುಚುವುದೇನೂ ಇಲ್ಲ.

ಈಗ ಟ್ರಿಕ್ಕು ಯಾಕೆ ನಂಬಬಾರದು ಎನ್ನುವುದಕ್ಕೆ ಒಂದೇ ಸಾಕ್ಷಿ ಸಾಕು. ಟ್ವೀಜರ್ಸ್. ಹುಬ್ಬಿನ ಕೂದಲು ಕೀಳುವ ಚಿಮಟ. ಎರಡು ಕಾಲಿದೆ, ಟ್ವ್ ಇದೆ, ಕಣ್ಣು ಮುಚ್ಚಿಕೊಂಡು ‘ಎರಡು’ ಎಂದು ಹೇಳಿಬಿಡಬಹುದು. ಅಲ್ಲ. ಸಣ್ಣಪುಟ್ಟ ಉಪಕರಣ ಇಡುವ ಪೆಟ್ಟಿಗೆಗೆ ಫ್ರೆಂಚಿನಲ್ಲಿ ಎಟ್ವಿ ಎನ್ನುತ್ತಾರೆ. ಪೆಟ್ಟಿಗೆಯ ಹೆಸರು ಇಂಗ್ಲಿಷರ ಬಾಯಲ್ಲಿ ಸವೆದು, ಕೊನೆಗೆ ಒಳಗಿದ್ದ ಚಿಮಟಕ್ಕೆ ಅಂಟಿಕೊಂಡಿತು.

ನೆನಪಿಟ್ಟುಕೊಳ್ಳುವ ವಿಷಯಕ್ಕೆ ಬಂದರೆ, ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ ಎಂದು ಗೆರೆ ಎಳೆಯುವುದನ್ನು ಈ ಪದಗಳ ಮಟ್ಟಿಗೆ ಬಿಡಿ. ಬಲಗಡೆ ಸಾಲಾಗಿ ‘ಹೊಳೆ, ಹೊಳೆ, ಹೊಳೆ’ ಎಂದು ಬಂದರೆ ಏನು ಪ್ರಯೋಜನ? ಪದದ ಪಕ್ಕ ಅದರ ಸಂಗಾತಿಯನ್ನು ಬರೆಯಿರಿ. ಗ್ಲೋ ಪಕ್ಕ ಕೆಂಡ, ಗ್ಲಿಸನ್ ಪಕ್ಕ ಬೆವರು, ಗ್ಲಿಂಟ್ ಪಕ್ಕ ಮಚ್ಚು, ಗ್ಲಿಮರ್ ಪಕ್ಕ ಆಸೆ. ಕೆಳಗೆ ನಿಮ್ಮ ಊರಿನ ಅನುಕರಣ ಪದ, ನಿಗಿನಿಗಿಯೋ ಮಿಣಮಿಣವೋ. ಉತ್ತರ ಕರ್ನಾಟಕದವರೋ ಕರಾವಳಿಯವರೋ ಆಗಿದ್ದರೆ ನಿಮ್ಮಲ್ಲಿ ಇನ್ನೂ ಒಳ್ಳೆಯವು ಇರಬಹುದು, ಅವನ್ನೇ ಬರೆಯಿರಿ. ಒಂದು ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಎಂದು 1957ರಲ್ಲಿ ಬರೆದವರೂ ಅದೇ ಫರ್ತ್. ಮೊದಲೆರಡು ಅಕ್ಷರಕ್ಕೆ ಹೆಸರಿಟ್ಟವರೇ ಪಕ್ಕದ ಪದವನ್ನು ನೋಡಿ ಎಂದರು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲೂ ಮಾಡಬೇಕಾದದ್ದು ಅದೇ. ನಾಲ್ಕು ಆಯ್ಕೆಗಳನ್ನು ದಿಟ್ಟಿಸುತ್ತಾ ಕೂರಬೇಡಿ, ಖಾಲಿ ಜಾಗದ ಅಕ್ಕಪಕ್ಕ ಒದ್ದೆ ವಸ್ತು ಇದೆಯೋ, ಉಜ್ಜಿದ ಲೋಹ ಇದೆಯೋ ನೋಡಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಪಟ್ಟಿಯಲ್ಲಿ ಉಳಿದದ್ದು ಗ್ಲೀನ್. ಗ್ಲೀಮ್‌ಗೂ ಇದಕ್ಕೂ ಬರವಣಿಗೆಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಕೊನೆಯಲ್ಲಿ ಎಂ ಬದಲು ಎನ್. ಹೊಳಪಿಗೂ ಇದಕ್ಕೂ ಸಂಬಂಧವೇ ಇಲ್ಲ, ಹಳೆಯ ಫ್ರೆಂಚಿನಿಂದ ಬಂದದ್ದು. ಕೊಯ್ಲಾದ ಮೇಲೆ ಹೊಲದಲ್ಲಿ ಉದುರಿ ಉಳಿದ ತೆನೆ ಆಯುವುದು, ನಮ್ಮ ರೈತರು ಹಕ್ಕಲು ಆಯುವುದು ಎನ್ನುತ್ತಾರಲ್ಲ, ಸರಿಯಾಗಿ ಅದೇ. ಪರೀಕ್ಷೆಯಲ್ಲಿ ಮಾತ್ರ ತೆನೆ ಬರುವುದಿಲ್ಲ, ‘ಇನ್ಫರ್ಮೇಷನ್’ ಬರುತ್ತದೆ. ಅಲ್ಲಿಷ್ಟು ಇಲ್ಲಿಷ್ಟು ಮಾಹಿತಿ ಹೆಕ್ಕಿದರು ಎನ್ನುವ ವಾಕ್ಯ ಕೊಟ್ಟು, ಆಯ್ಕೆಗಳಲ್ಲಿ ಗ್ಲೀಮ್ಡ್ ಮತ್ತು ಗ್ಲೀನ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟಿರುತ್ತಾರೆ. ಎನ್ ಇರುವುದಕ್ಕೆ ಟಿಕ್ ಹಾಕಿ.